ಬಣ್ಣಗಾರ ಕಂಡ ನಕ್ಷತ್ರ

“ಗುರುಗಳೇ, ಹತ್ತು ಜನರಿಗೆ ಒಂದು ಬಗೆಯಾಗಿ ಕಂಡದ್ದು ನನಗೊಬ್ಬನಿಗೆ ಬೇರೆ ಬಗೆಯಾಗಿ ಕಂಡರೆ, ನನ್ನ ಮಾತನ್ನು ಅವರ ಮಾತಿಗೆ ಹೊಂದಿಸಿಕೊಳ್ಳುವುದು ವಿನಯವಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ನೂಲಿಗೆ ಬಣ್ಣ ಹಾಕಿ ಬದುಕುವ ಒಬ್ಬ ಬಣ್ಣಗಾರನಿದ್ದ. ಕೆಲಸ ಮುಗಿದು ಕತ್ತಲಾದ ಮೇಲೆ ಅವನು ಮಾಳಿಗೆ ಹತ್ತಿ ಒಂದು ಕೆಂಪು ನಕ್ಷತ್ರವನ್ನು ನೋಡುತ್ತಿದ್ದ. ಅದರ ಬೆಳಕು ಒಂದೇ ಸಮನಾಗಿರುತ್ತಿರಲಿಲ್ಲ. ಕೆಲವು ತಿಂಗಳು ಏರುತ್ತಿತ್ತು, ಕೆಲವು ತಿಂಗಳು ಇಳಿಯುತ್ತಿತ್ತು. ಬೆಳಕು ಬದಲಾಗದ ಅಕ್ಕಪಕ್ಕದ ನಕ್ಷತ್ರಗಳಿಗೆ ಹೋಲಿಸಿ, ಅದು ಎಷ್ಟು ಬೆಳಗುತ್ತಿದೆ ಎಂದು ಅಂದಾಜು ಮಾಡಿ, ದೂರದ ವೀಕ್ಷಣಾಲಯದ ವಿಜ್ಞಾನಿಯೊಬ್ಬರಿಗೆ ಬರೆದು ಕಳಿಸುತ್ತಿದ್ದ. ಬೇರೆ ಬೇರೆ ಊರುಗಳಿಂದ ಇನ್ನೂ ಹಲವರು ಹಾಗೆಯೇ ಕಳಿಸುತ್ತಿದ್ದರು. ಆಕಾಶದಲ್ಲಿ ಇಂಥ ನಕ್ಷತ್ರಗಳು ಲೆಕ್ಕವಿಲ್ಲದಷ್ಟು. ಎಲ್ಲವನ್ನೂ ದಿನವೂ ನೋಡಲು ವಿಜ್ಞಾನಿಗಳಿಗೆ ಆಗುವುದಿಲ್ಲ. ಆದ್ದರಿಂದ ಅವರು ಈ ಜನರ ಕಣ್ಣುಗಳನ್ನು ನಂಬಿದ್ದರು.

ಒಮ್ಮೆ ಈ ನೋಡುಗರೆಲ್ಲ ಒಂದೆಡೆ ಸೇರಿದರು. ಎಲ್ಲರ ಅಂದಾಜುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬಣ್ಣಗಾರನದು ಯಾವಾಗಲೂ ತುಸು ಹೆಚ್ಚಾಗಿತ್ತು. ಅದನ್ನು ಕಂಡು ಒಬ್ಬ ನಕ್ಕ. ಬಣ್ಣ ಗುರುತಿಸುವುದರಲ್ಲೇ ಹೆಸರು ಮಾಡಿದವನಿಗೆ ಆ ನಗು ನಾಟಿತು.

ಅಂದಿನಿಂದ ಅವನು ಕಂಡದ್ದನ್ನು ಬರೆಯಲಿಲ್ಲ. ಉಳಿದವರು ಏನು ಬರೆದಾರು ಎಂದು ಊಹಿಸಿ ಅದನ್ನೇ ಬರೆದ. ಒಂದು ದಿನ ಸ್ವಲ್ಪ ತಗ್ಗಿಸಿದ, ಇನ್ನೊಂದು ದಿನ ಬಹಳ ತಗ್ಗಿಸಿದ. ಅವನ ಅಂದಾಜು ಎಲ್ಲರ ಅಂದಾಜಿನೊಂದಿಗೆ ಕೂಡಿಕೊಂಡಿತು. ಅವನಿಗೆ ನೆಮ್ಮದಿಯಾಯಿತು.

ಆ ವರ್ಷದ ಮಳೆಗಾಲದಲ್ಲಿ ಉಳಿದ ಊರುಗಳ ಮೇಲೆಲ್ಲ ಮೋಡ ಕವಿಯಿತು. ಬಣ್ಣಗಾರನ ಊರಿನಲ್ಲಿ ಮಾತ್ರ ಆಕಾಶ ತಿಳಿಯಾಗಿತ್ತು. ಬೆಳಕು ಏರಬೇಕಾದ ಕಾಲದಲ್ಲಿ ನಕ್ಷತ್ರ ಮಂಕಾಗುತ್ತಿರುವಂತೆ ಅವನಿಗೆ ಕಂಡಿತು. ಕೇಳಿ ನೋಡಲು ಯಾರೂ ಇರಲಿಲ್ಲ. ತನ್ನ ಕಣ್ಣೇ ಕೆಟ್ಟಿರಬೇಕು ಎಂದುಕೊಂಡು, ಎಂದಿನಂತೆ ಏರುತ್ತಿದೆ ಎಂದೇ ಬರೆದು ಕಳಿಸಿದ.

ಮೋಡ ಸರಿಯಿತು. ಎಲ್ಲರೂ ನೋಡಿದರು. ನಕ್ಷತ್ರ ಹಿಂದೆಂದೂ ಇಲ್ಲದಷ್ಟು ಕುಂದಿತ್ತು. ವೀಕ್ಷಣಾಲಯದ ವಿಜ್ಞಾನಿ ತಾವೇ ಬಣ್ಣಗಾರನ ಮನೆ ಹುಡುಕಿಕೊಂಡು ಬಂದರು. ಅವರು ನಡುವಯಸ್ಸು ದಾಟಿದ ಹೆಂಗಸು.

“ನೀವು ಏರುತ್ತಿದೆ ಎಂದೇ ಬರೆದಿದ್ದೀರಿ. ಇದು ಯಾವಾಗ ಇಳಿಯತೊಡಗಿತು? ನೋಡಿದವರು ನೀವೊಬ್ಬರೇ,” ಎಂದರು.

ಬಣ್ಣಗಾರ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. “ನನ್ನ ಕಣ್ಣಲ್ಲಿ ದೋಷವಿದೆ ಅಮ್ಮ. ಅದನ್ನು ನಾನೇ ಸರಿಮಾಡಿ ಬರೆದೆ,” ಎಂದ.

“ಕೆಂಪು ನಿಮಗೆ ತುಸು ಹೆಚ್ಚು ಕಾಣುತ್ತದೆ. ಅದು ನನಗೆ ಮೊದಲ ವರ್ಷವೇ ಗೊತ್ತಾಗಿತ್ತು. ಯಾವಾಗಲೂ ಅಷ್ಟೇ ಹೆಚ್ಚು. ಅಷ್ಟನ್ನು ಕಳೆದು ಉಳಿದದ್ದನ್ನು ಇಟ್ಟುಕೊಳ್ಳುತ್ತಿದ್ದೆ. ನಿಮ್ಮಷ್ಟು ಬಿಡದೆ ನೋಡಿದವರು ಇನ್ನೊಬ್ಬರಿಲ್ಲ,” ಎಂದರು ಆಕೆ. ಆಮೇಲೆ ಮೆಲ್ಲಗೆ ಕೇಳಿದರು, “ನಿಜವಾಗಿ ಕಂಡದ್ದು ನೆನಪಿದೆಯೇ?”

ಬಣ್ಣಗಾರ ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ಆ ತಿಂಗಳುಗಳಲ್ಲಿ ನಕ್ಷತ್ರಕ್ಕೆ ಏನಾಯಿತು ಎಂಬುದು ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ. ಆಕೆ ಹೋದ ಮೇಲೆ ಅವನು ಮತ್ತೆ ಮಾಳಿಗೆ ಹತ್ತಿ, ಕಂಡದ್ದನ್ನು ಕಂಡಂತೆ ಬರೆದ.

ಗುರುಗಳು ಕತೆ ನಿಲ್ಲಿಸಿದರು.

“ಆದರೆ ಅವನ ಕಣ್ಣಲ್ಲಿ ದೋಷವಿದ್ದದ್ದು ನಿಜ ತಾನೇ?” ಎಂದ ಶಿಷ್ಯ.

“ಕಣ್ಣಿನ ದೋಷ ಇಷ್ಟೆಂದು ಗೊತ್ತಿತ್ತು, ಆಕೆ ಕಳೆದರು. ದಿನಕ್ಕೊಂದು ಬಗೆಯಾಗುವ ಅಂಜಿಕೆಯ ದೋಷವನ್ನು ಎಷ್ಟೆಂದು ಕಳೆಯುವುದು?” ಎಂದರು ಗುರುಗಳು.