ಕಿವಿಯಲ್ಲಿ ಉಸುರಿದ ಹೆಸರು

ಕಂಪ್ಯೂಟರಿಗೆ ಕೆಲಸ ಹೇಳುವ ಹೊಸ ಭಾಷೆಯೊಂದನ್ನು ಜೇಡಮ್ಮ ತನ್ನ ಹೊಟ್ಟೆಯ ನೂಲಿನಿಂದಲೇ ನೇಯ್ದಳು. ಹೆತ್ತ ಕೂಸಿನಂತೆ ಅದನ್ನು ತೊಟ್ಟಿಲಿಗೆ ಹಾಕಿ, ಬೆಳಗಿನ ಮಂಜಿನಲ್ಲಿ ತೂಗುತ್ತ, ನಾಮಕರಣಕ್ಕೆ ಕಾಡಿನ ಹಿರಿಯರನ್ನು ಕರೆದಳು.

"ಕೂಸಿನ ಕಿವಿಯಲ್ಲಿ ಒಂದು ಒಳ್ಳೆಯ ಹೆಸರು ಹೇಳಿ" ಎಂದು ಬೇಡಿಕೊಂಡಳು.

ಹುಲಿರಾಯ, ಆನೆಯಣ್ಣ, ನವಿಲಕ್ಕ ಒಬ್ಬೊಬ್ಬರಾಗಿ ಬಗ್ಗಿ, ಗುಟ್ಟಾಗಿ ತಮ್ಮ ತಮ್ಮ ಹೆಸರನ್ನೇ ಉಸುರಿ ಸರಿದರು.

ಅಷ್ಟರಲ್ಲಿ ಗಾಳಿ ಬೀಸಿ ತೊಟ್ಟಿಲಿನ ನೂಲು ಹರಿಯಿತು. ಕೂಸು ಮಂಜಿನೊಳಗೆ ತೇಲಿಹೋಯಿತು.

"ಹುಲೀ!" "ಆನೇ!" "ನವಿಲೇ!" ಎಂದು ಹಿರಿಯರು ಕೂಗತೊಡಗಿದರು.

ಮಂಜಿನೊಳಗಿಂದ ಸಣ್ಣ ದನಿ ಕೇಳಿತು: "ಅಮ್ಮಾ, ಅವರೆಲ್ಲ ಯಾರನ್ನು ಕರೆಯುತ್ತಿದ್ದಾರೆ?"

"ತಮ್ಮನ್ನು ತಾವೇ, ಕಂದಾ. ನೀನು ಬಾ" ಎಂದು ಜೇಡಮ್ಮ ನೂಲೊಂದನ್ನು ಇಳಿಬಿಟ್ಟಳು.

ಕೂಸು ನೂಲು ಹಿಡಿದು ಬಂತು. ಕಂದ ಎಂಬುದೇ ಅದಕ್ಕೆ ಹೆಸರಾಗಿ ನಿಂತಿತು.