ಎರಡನೇ ದಿಕ್ಸೂಚಿ

ತುಂಗಭದ್ರೆಯ ದಂಡೆಯಲ್ಲಿ ಒಂದು ಮರದ ಗುಡಿಸಲು. ಹುಡುಕಿದರೂ ಒಂದು ಕಬ್ಬಿಣದ ಮೊಳೆ ಸಿಗದು, ಎಲ್ಲಾ ಹಗ್ಗದ ಕಟ್ಟು. ಒಳಗೆ ಹೋಗುವವರು ಬೀಗದ ಕೈ, ಬೆಲ್ಟು, ಕೊನೆಗೆ ಸೆರಗಿನ ಪಿನ್ನನ್ನೂ ಹೊರಗೇ ಇಡಬೇಕು. ದಾಕ್ಷಾಯಣಮ್ಮನ ಕಟ್ಟಪ್ಪಣೆ.

ಉಪಗ್ರಹದಲ್ಲಿ ಕೂರಿಸಿ ಭೂಮಿಯ ಕಾಂತಶಕ್ತಿ ಅಳೆಯುವ ಉಪಕರಣಗಳನ್ನು ಮಾಡುತ್ತಲೇ ಆಕೆಯ ತಲೆ ನರೆತಿತ್ತು. ಶಿಷ್ಯ ಚನ್ನವೀರ ಮಾಡಿದ ಮೊದಲ ಉಪಕರಣವನ್ನು ಗುಡಿಸಲೊಳಗಿದ್ದ ಪುಟ್ಟ ಉಪಗ್ರಹಕ್ಕೆ ಕೂರಿಸಿ ಅವತ್ತು ಪರೀಕ್ಷೆ. ಮಧ್ಯಾಹ್ನ ಕಚೇರಿಯ ದೊಡ್ಡವರು ಬರುತ್ತಾರೆ. ಅಳತೆ ಅಲುಗಾಡಿತೋ, ಉಪಗ್ರಹದಿಂದ ಅದನ್ನು ಕಿತ್ತೇ ಹಾಕುತ್ತಾರೆ.

ಗುಡಿಸಲೊಳಗಿಂದ ಓಡಿ ಬಂದ.

"ಅಮ್ಮಾ, ನಿಂತಿತು! ಅಳತೆ ಒಂಚೂರೂ ಅಲ್ಲಾಡ್ತಿಲ್ಲ!"

"ಏನು ಮಾಡಿದೆ?"

"ಉಪಗ್ರಹದ ಬ್ಯಾಟರಿ, ಹೀಟರು, ಮೋಟಾರು ಎಲ್ಲಾ ಆರಿಸಿಬಿಟ್ಟೆ. ಅವುಗಳ ಕಾಂತಶಕ್ತಿನೇ ನಡುವೆ ಬಾಯಿ ಹಾಕ್ತಿತ್ತು."

"ಭಲೇ! ಹೆಣಕ್ಕೂ ನಡುಕ ಇರಲ್ಲ ನೋಡು. ಮೇಲೆ ಹೋದಮೇಲೂ ಹೀಗೇ ಆರಿಸಿಡ್ತೀಯಾ?"

ಚನ್ನವೀರನ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ನನ್ನ ಕಥೆ ಮುಗೀತು."

ದಾಕ್ಷಾಯಣಮ್ಮ ಅವನನ್ನು ಒಳಗೆ ಕರೆದೊಯ್ದರು. ಒಂದು ದಿಕ್ಸೂಚಿಯನ್ನು ಉಪಗ್ರಹಕ್ಕೆ ತಾಗಿಸಿ ಇಟ್ಟರು. ಇನ್ನೊಂದನ್ನು ಬಿದಿರಿನ ತುದಿಗೆ ಕಟ್ಟಿ ದೂರಕ್ಕೆ ಚಾಚಿದರು.

"ಈಗ ಆರಿಸಿದ್ದೆಲ್ಲಾ ಹಾಕು."

ಹತ್ತಿರದ ಮುಳ್ಳು ರಪ್ಪನೆ ಹೊರಳಿತು. ದೂರದ್ದು ಕೊಂಚ ಮಿಸುಕಿತು.

"ಹತ್ತಿರದ್ದು ಯಾರ ಮಾತು ಹೇಳ್ತು?"

"ಉಪಗ್ರಹದ್ದು."

"ದೂರದ್ದು?"

"ಭೂಮಿಯದ್ದು. ಜೊತೆಗೆ ಉಪಗ್ರಹದ್ದೂ ಚೂರು."

"ಆ ಚೂರು ಎಷ್ಟು?"

ಅವನು ಎರಡು ಮುಳ್ಳುಗಳನ್ನೂ ದಿಟ್ಟಿಸಿದ. "ಅಯ್ಯೋ! ಹತ್ತಿರದ್ದು ಎಷ್ಟು ಹೊರಳಿತು ನೋಡಿದರೆ ದೂರಕ್ಕೆ ಎಷ್ಟು ಮುಟ್ಟಿತು ಅಂತ ಲೆಕ್ಕ ಸಿಗತ್ತಲ್ಲ! ಅಷ್ಟನ್ನ ಕಳೆದರೆ ಭೂಮಿಯದ್ದು ಉಳಿಯತ್ತೆ!"

ತನ್ನ ಉಪಕರಣವನ್ನು ಬಿದಿರಿನ ತುದಿಗೆ ಕಟ್ಟಿದ. ಕೆಟ್ಟರೆ ಇರಲೆಂದು ಅದರ ಜೋಡಿಯೊಂದನ್ನು ಮಾಡಿಟ್ಟಿದ್ದ, ಅದನ್ನು ಉಪಗ್ರಹದ ಮೈಗೆ ಕೂರಿಸತೊಡಗಿದ.

ಅಷ್ಟರಲ್ಲಿ ದಂಡೆಯ ಮೇಲೆ ಜೀಪಿನ ಸದ್ದು. ಅವನ ಕೈಯಿಂದ ಹಿತ್ತಾಳೆ ತಿರುಪು ಜಾರಿ ಬಿತ್ತು.

"ಅಮ್ಮಾ, ಎದೆ ಡವಡವ ಅಂತಿದೆ. ಕಲಿತದ್ದೆಲ್ಲಾ ಮರೆತು ಹೋಗ್ತಿದೆ. ಈ ಹೆದರಿಕೆ ಹೋಗೋಕೆ ಏನಾದ್ರೂ ಹೇಳಿ."

ದಾಕ್ಷಾಯಣಮ್ಮ ಬಗ್ಗಿ ತಿರುಪು ಹುಡುಕಿ, ಅವನ ಅಂಗೈಯಲ್ಲಿಟ್ಟರು.

"ಹೆದರಿಕೆ ಇರಲಿ ಬಿಡೋ, ಎಷ್ಟಿದೆ ಅಂತ ಗೊತ್ತಾದರೆ ಸಾಕು. ಅದರ ಪಕ್ಕಕ್ಕೂ ಒಂದು ದಿಕ್ಸೂಚಿ ಇಟ್ಟುಕೋ."