ಗಣಪಕ್ಕನ ಖಾನಾವಳಿಗೆ ಜಟ್ಟು ಗಿರಾಕಿ ಕರೆದದ್ದು

ಹೊಟ್ಟೆ ತುಂಬಿದವರು ಹಿಂದೆ ಸರಿದು ಕೂರಿ, ಹಸಿದವರು ಮುಂದೆ ಬನ್ನಿ. ಇದು ಊಟದ ಕತೆ.

ಕೊಲ್ಲಿಯ ದಂಡೆಯಲ್ಲಿ ಹೊನ್ನೆಬಾಗ ಅಂತ ಒಂದು ಜಾಗ. ಊರು ಅನ್ನುವ ಹಾಗಿಲ್ಲ, ಪೇಟೆಯ ಬಾಲ ಅನ್ನಬೇಕು. ಪೇಟೆಯಿಂದ ಬಸ್ಸು ಹತ್ತಿದರೆ ಕಟ್ಟಕಡೆಯ ನಿಲ್ದಾಣ. ಅಲ್ಲಿ ಮನೆಗಿಂತ ಮರ ಹೆಚ್ಚು. ಹೊನ್ನೆ, ಮಾವು, ಬಾದಾಮಿ ಎಲ್ಲ ದಟ್ಟವಾಗಿ ಬೆಳೆದು, ಸಮುದ್ರ ಮಗ್ಗುಲಲ್ಲೇ ಇದ್ದರೂ ಕಣ್ಣಿಗೆ ಕಾಣದು, ಕಿವಿಗೆ ಮಾತ್ರ ಕೇಳುತ್ತದೆ. ಪೇಟೆಯವರು ರಜೆ ಸಿಕ್ಕರೆ ಸಾಕು, ಗಾಳಿ ಸೇವನೆಗೆ ಅಲ್ಲಿಗೆ ಬರುತ್ತಾರೆ. ಗಾಳಿ ಸೇವಿಸಿ ಹೊಟ್ಟೆ ತುಂಬಿದವರುಂಟೆ? ಬಸ್ಸಿಳಿದವರೆಲ್ಲ ಮೊದಲು ಕೇಳುವ ಮಾತು ಒಂದೇ. ಇಲ್ಲಿ ಊಟ ಎಲ್ಲಿ ಸಿಗ್ತದೆ, ಕುಡಿಯಲಿಕ್ಕೆ ಏನು ಸಿಗ್ತದೆ?

ಸಿಗುತ್ತದೆ. ಬಸ್ ನಿಲ್ದಾಣದಲ್ಲೇ ಚಾ ಮತ್ತು ಬನ್ನು ಸಿಗುತ್ತದೆ. ಅಲ್ಲಿಂದ ಎಡಕ್ಕೆ ತಿರುಗಿದರೆ ಗಾಜಿನ ಗೋಡೆಯ ಹೊಸ ಹೊಟೆಲು. ತಿರುಗದೆ ನೆಟ್ಟಗೆ ನಡೆದರೆ ದಂಡೆಯ ಮೇಲೆ ಗಣಪಕ್ಕನ ಖಾನಾವಳಿ. ಅಲ್ಲಿ ಕುಚಲಕ್ಕಿ ಅನ್ನ, ಮೀನು ಸಾರು, ಹುರಿದ ಮೀನು, ಊಟಕ್ಕೆ ಮುಂಚೆ ಕುಡಿಯಲು ಮುರುಗಲ ಹಣ್ಣಿನ ಶರಬತ್ತು.

ಗಣಪಕ್ಕ ಗಂಡ ಸತ್ತವಳು. ಅವಳಿಗೆ ಒಬ್ಬನೇ ಮಗ, ಜಟ್ಟು. ಮೀಸೆ ಬಂದಿತ್ತು, ಮೈಯಲ್ಲಿ ಎತ್ತಿನ ಬಲವಿತ್ತು, ಮನಸ್ಸಿನಲ್ಲಿ ಕಪಟದ ಎಳೆಯೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವಳ ಕಷ್ಟವೆಲ್ಲ ಅಲ್ಲೇ ಇತ್ತು.

ಖಾನಾವಳಿ ಇದ್ದ ಜಾಗ ಅಚ್ಯುತ ಕಿಣಿಯವರದು. ಹೆಂಡತಿ ಹೋದ ಮೇಲೆ ಮುದುಕರಿಗೆ ಯಾವುದರಲ್ಲೂ ರುಚಿ ಉಳಿದಿರಲಿಲ್ಲ. ಗಾಜಿನ ಹೊಟೆಲಿನವರು ಹೋಗಿ, ದಂಡೆಯ ಜಾಗ ನಮಗೆ ಕೊಡಿ ಎಂದು ಹಿಂದೆ ಬಿದ್ದಿದ್ದರು. ಕಿಣಿಯವರು ಕೊಟ್ಟೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಗಣಪಕ್ಕನನ್ನು ಕರೆಸಿ, ಬರುವ ಭಾನುವಾರ ಮಗ ಸೊಸೆಯನ್ನು ಕರೆದುಕೊಂಡು ನಿನ್ನಲ್ಲಿ ಊಟಕ್ಕೆ ಬರುತ್ತೇನೆ, ಉಂಡ ಮೇಲೆ ಹೇಳುತ್ತೇನೆ ಎಂದರು. ಅದಕ್ಕೆ ಮುಂಚೆ ನಿನ್ನಲ್ಲಿಗೆ ಜನ ಬರುತ್ತಾರೋ ಇಲ್ಲವೋ ಅದನ್ನೂ ನೋಡುತ್ತೇನೆ ಎಂದರು.

ಗಣಪಕ್ಕ ಮನೆಗೆ ಬಂದವಳು ಒಲೆಯ ಮುಂದೆ ಕೂತಳು. ಈ ಒಲೆ ಹೋದರೆ ಬೇರೆಯವರ ಮನೆಯ ಪಾತ್ರೆ ತಿಕ್ಕಬೇಕು. ತಾನಾದರೂ ತಿಕ್ಕಿಯಾಳು, ಜಟ್ಟುವನ್ನು ಯಾರು ಇಟ್ಟುಕೊಳ್ಳುತ್ತಾರೆ? ಎದ್ದು ಮಗನನ್ನು ಕರೆದಳು. ಬಸ್ಸು ನಿಲ್ಲುವಲ್ಲಿ ಹೋಗಿ ನಿಲ್ಲು, ಊಟ ಎಲ್ಲಿ ಅಂತ ಕೇಳಿದವರಿಗೆ ಮೂಗಿನ ನೇರಕ್ಕೆ ಹೋಗಿ ಅಂತ ಹೇಳು, ಅಷ್ಟೇ ಸಾಕು ಎಂದಳು.

ಜಟ್ಟು ಹೋಗಿ ನಿಂತ. ಬಸ್ಸು ಬಂತು. ದೊಡ್ಡ ಸಂಸಾರವೊಂದು ಇಳಿಯಿತು, ಅಜ್ಜಿಯಿಂದ ಹಿಡಿದು ಕೈಗೂಸಿನ ತನಕ. ಯಜಮಾನ ಬಂದು, ಊಟ ಎಲ್ಲಿ ಮಾರಾಯ ಎಂದು ಕೇಳಿದ. ಜಟ್ಟು ಅವನ ಮೂಗು ನೋಡಿದ. ಹತ್ತಿರ ಹೋಗಿ ನೋಡಿದ. ಎಂದೋ ಮರದಿಂದ ಬಿದ್ದು ಮುರಿದ ಮೂಗು ಅದು, ಪೂರಾ ಎಡಕ್ಕೆ ಸೊಟ್ಟ. ಜಟ್ಟು ಎಡಕ್ಕೆ ಕೈ ತೋರಿಸಿದ. ಸಂಸಾರಕ್ಕೆ ಸಂಸಾರವೇ ಗಾಜಿನ ಹೊಟೆಲಿಗೆ ಹೋಗಿ ಉಂಡಿತು. ಗಣಪಕ್ಕನ ಅನ್ನ ಆರಿ ಕಲ್ಲಾಯಿತು.

"ಹೇಳಿದ ಹಾಗೇ ಮಾಡಿದೆ ಅಬ್ಬೆ," ಎಂದ ಜಟ್ಟು. "ಅವರ ಮೂಗು ಇದ್ದದ್ದೇ ಆ ಕಡೆಗೆ."

ಗಣಪಕ್ಕ ಹಣೆ ಹಣೆ ಚಚ್ಚಿಕೊಂಡಳು. ಮೂಗಿನ ಗೊಡವೆ ನಿನಗೆ ಬೇಡ, ಕೇಳಿದವರನ್ನು ನೀನೇ ಕೈ ಹಿಡಿದು ಕರೆದುಕೊಂಡು ಬಾ ಎಂದಳು.

ಮಾರನೆ ದಿನ ಬಸ್ಸಿನಿಂದ ಒಬ್ಬ ಹುಡುಗಿ ಅಣ್ಣನ ಜೊತೆ ಇಳಿದಳು. ಬಿಸಿಲಿಗೆ ಬಾಯಿ ಒಣಗಿತ್ತು. ಇಲ್ಲಿ ತಣ್ಣಗೆ ಕುಡಿಯಲಿಕ್ಕೆ ಏನಾದರೂ ಸಿಗ್ತದಾ ಎಂದು ಜಟ್ಟುವನ್ನು ಕೇಳಿದಳು. ಕೇಳಿ ಮುಗಿಸುವಷ್ಟರಲ್ಲಿ ಜಟ್ಟು ಅವಳ ಕೈ ಹಿಡಿದು ಎಳೆದುಕೊಂಡು ಹೊರಟೇಬಿಟ್ಟ. ಅವಳು ಕಿರುಚಿದಳು. ಅಣ್ಣ ಬಂದು ಜಟ್ಟುವಿನ ಕೆನ್ನೆಗೆ ಬಾರಿಸಿದ. ಚಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು. ನಾಲ್ಕು ಜನರ ಮುಂದೆ ಹೆಣ್ಣಿನ ಕೈ ಹಿಡಿದೆಯಲ್ಲ, ಇನ್ನು ತಾಳಿ ಕಟ್ಟು ಎಂದು ಯಾರೋ ಗದರಿದರು.

ಜಟ್ಟು ಓಡಿ ಮನೆಗೆ ಬಂದ. ಕೆನ್ನೆ ಊದಿತ್ತು. "ಅಬ್ಬೆ, ತಾಳಿ ಎಲ್ಲಿದೆ ಕೊಡು. ಅಲ್ಲಿ ಜನ ಕಾಯ್ತಿದ್ದಾರೆ," ಎಂದ.

ಹಿಂದೆಯೇ ಜನ ಬಂದರು. ಗಣಪಕ್ಕ ಆ ಹುಡುಗಿಯ ಕಾಲು ಹಿಡಿಯುವುದೊಂದು ಬಾಕಿ. ಅಳುತ್ತ, ಬೇಡುತ್ತ, ಶರಬತ್ತು ಕುಡಿಸಿ ಕಳಿಸಿದಳು. ಊರಲ್ಲಿ ಸುದ್ದಿ ಹಬ್ಬಿತು. ಕಿಣಿಯವರ ಕಿವಿಗೂ ಬಿದ್ದಿರುತ್ತದೆ ಎಂದು ಅವಳು ಹೆದರಿದಳು. ಮಗನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದಳು. ಯಾರ ಕೈಯನ್ನೂ ಮುಟ್ಟಬೇಡ, ದೂರವೇ ನಿಂತುಕೋ, ಬಾಯಲ್ಲಿ ನೀರು ಬರುವ ಹಾಗೆ ನಮ್ಮ ಊಟದ ವರ್ಣನೆ ಮಾಡು.

ಜಟ್ಟು ತಂಬಿಗೆ ಹಿಡಿದುಕೊಂಡು ಹೋದ. ಬಾಯಿ ತುಂಬ ನೀರು ತುಂಬಿಕೊಂಡು ನಿಂತ. ಆ ಹೊತ್ತಿಗೆ ಬಿಳಿ ಅಂಗಿ ತೊಟ್ಟ ಹಿರಿಯರೊಬ್ಬರು ಕೋಲೂರಿಕೊಂಡು ಬಂದರು. ಇಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದಪ್ಪ ಎಂದು, ಬೇಕೆಂದೇ ಗುರುತು ಹೇಳದೆ ಕೇಳಿದರು. ಜಟ್ಟು ದೂರವೇ ನಿಂತ. ಗಣಪಕ್ಕನ ಮೀನು ಸಾರು ಎಂದು ಬಾಯಿ ತೆರೆದ. ಬಾಯಲ್ಲಿದ್ದ ನೀರೆಲ್ಲ ಹಿರಿಯರ ಮುಖಕ್ಕೆ, ಕನ್ನಡಕಕ್ಕೆ, ಬಿಳಿ ಅಂಗಿಗೆ ಬಿತ್ತು.

ಅವರು ಅಚ್ಯುತ ಕಿಣಿಯವರೇ.

ಸುದ್ದಿ ತಿಳಿದು ಗಣಪಕ್ಕ ಸೌಟು ಬಿಸಾಡಿ ಓಡಿದಳು. ಕಿಣಿಯವರು ಮರದ ಕಟ್ಟೆಯ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು. ಅವಳು ಕೈ ಮುಗಿದು ನಿಂತಳು.

"ಒಡೆಯಾ, ಅವನಿಗೆ ತಿಳಿಯೂದಿಲ್ಲ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು."

ಕಿಣಿಯವರು ಕನ್ನಡಕ ಏರಿಸಿಕೊಂಡು ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಭಾನುವಾರ ಬರ್ತೇನಲ್ಲ," ಎಂದರು. "ಏನನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೋ ಆಗಲೇ ನೋಡುವಾ."

ಕೋಪವೋ, ತಮಾಷೆಯೋ, ಗೊತ್ತಾಗಲಿಲ್ಲ. ಗೊತ್ತಾಗದ್ದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ದಾರಿಯುದ್ದಕ್ಕೂ ಮಗನಿಗೆ ಬೈಯುತ್ತ ಬಂದಳು. ಇನ್ನು ಯಾರೂ ಕೇಳದೆ ಬಾಯಿ ಬಿಡಬೇಡ, ಕೇಳದೆ ಕೈ ಎತ್ತಬೇಡ ಎಂದಳು. ಜಟ್ಟು ತಲೆಯಾಡಿಸಿದ.

ಭಾನುವಾರ ಬಂತು. ಬೆಳಕು ಹರಿಯುವ ಮೊದಲೇ ಗಣಪಕ್ಕ ಬಂದರಿಗೆ ಹೋಗಿ, ದೋಣಿಯವರನ್ನು ಕಾಡಿ ಬೇಡಿ ಒಂದು ದೊಡ್ಡ ಇಸೋಣ ತಂದಳು. ತೋಳುದ್ದದ ಮೀನು. ತೊಳೆದು, ತುಂಡು ಮಾಡಿ, ಉಪ್ಪು ಅರಿಶಿನ ಹಚ್ಚಿ ಮರದ ಮರಿಗೆಯಲ್ಲಿಟ್ಟಳು. ಇನ್ನು ತೆಂಗಿನಕಾಯಿ ತರಬೇಕು. ಬೆಕ್ಕು ಆಗಲೇ ಮಾಡಿನ ಮೇಲೆ ಸುಳಿಯುತ್ತಿತ್ತು.

"ತಮಾ, ನಮ್ಮ ಬದುಕೇ ಈ ಮರಿಗೆಯಲ್ಲಿದೆ," ಎಂದಳು. "ನಾ ಬರೂ ತನಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಿ."

ಅವಳು ಕಾಯಿ ಹಿಡಿದು ಬಂದಾಗ ಜಟ್ಟು ಮರಿಗೆಯ ಪಕ್ಕದಲ್ಲೇ ಕೂತಿದ್ದ, ಕದಲಿರಲಿಲ್ಲ. ಎರಡೂ ಕಣ್ಣು ಕೆಂಡವಾಗಿ, ಕೆನ್ನೆಯ ಮೇಲೆಲ್ಲ ಕೊಬ್ಬರಿ ಎಣ್ಣೆ ಇಳಿಯುತ್ತಿತ್ತು. ಮರಿಗೆಯಲ್ಲಿ ಮೀನಿನ ಮುಳ್ಳಿತ್ತು. ಬೆಕ್ಕು ಅವನ ತೊಡೆಗೆ ಒರಗಿ ಮುಖ ನೆಕ್ಕಿಕೊಳ್ಳುತ್ತಿತ್ತು.

"ಉರೀತದೆ ಅಬ್ಬೆ," ಎಂದ. "ಆದರೂ ಒರೆಸಿಕೊಂಡಿಲ್ಲ."

ಗಣಪಕ್ಕ ಕಾಯಿ ಕೆಳಗಿಟ್ಟಳು. ಸೆರಗಿನಿಂದ ಅವನ ಕಣ್ಣೊರೆಸಿದಳು. ಒರೆಸುತ್ತ ತಾನೂ ಅತ್ತಳು. ಬಂದರಿನಲ್ಲಿ ಇನ್ನು ಮೀನಿಲ್ಲ. ಕಿಣಿಯವರು ಮಧ್ಯಾಹ್ನಕ್ಕೆ ಬರುತ್ತಾರೆ. ಅಷ್ಟರಲ್ಲಿ ಅವಳಿಗೆ ಅಲೆಯ ಸದ್ದು ದೂರವಾದದ್ದು ಕೇಳಿತು. ಇಳಿತ. ನೀರು ಸರಿದು ಕೊಲ್ಲಿಯ ಕೆಸರು ತೆರೆದುಕೊಂಡಿರುತ್ತದೆ. ಬುಟ್ಟಿ ಎತ್ತಿಕೊಂಡು, ಸೀರೆ ಮೊಣಕಾಲಿಗೆ ಕಟ್ಟಿ ಇಳಿದಳು. ಕೆಸರು ಕೆದಕಿ ಬಳಚು ಹೆಕ್ಕತೊಡಗಿದಳು. ಬಡವರ ತಿನಿಸು ಅದು, ಚಿಪ್ಪಿನೊಳಗೆ ಉಗುರಿನಷ್ಟು ಮಾಂಸ. ದೊಡ್ಡವರಿಗೆ ಬಳಚು ಬಡಿಸುವವರುಂಟೆ? ನಾಚಿಕೆಯಿಂದ ಅವಳು ತಲೆ ಎತ್ತಲಿಲ್ಲ. ನೀರು ಮರಳಿ ಏರಿ ಕಣಕಾಲು ಮುಟ್ಟುವ ತನಕ ಹೆಕ್ಕಿದಳು.

ಬಳಚು ಬೇಯಿಸಿ, ಹಸಿಕಾಯಿ ಹೆರೆದು ಒಣ ಪಲ್ಯದಂಥ ಸುಕ್ಕ ಮಾಡಿದಳು. ಅನ್ನ ಇಳಿಸುವುದಕ್ಕೂ ಹೊರಗೆ ಕೋಲಿನ ಸದ್ದಾಗುವುದಕ್ಕೂ ಸರಿಹೋಯಿತು. ಕಿಣಿಯವರು, ಅವರ ಮಗ, ಸೊಸೆ ಬಂದು ಕೂತರು. ಗಣಪಕ್ಕ ಬಾಳೆ ಎಲೆ ಹಾಕಿ, ನೀರು ಚಿಮುಕಿಸಿ, ಬಡಿಸು ಎಂದು ಮಗನಿಗೆ ಕಣ್ಸನ್ನೆ ಮಾಡಿ ಒಳಗೆ ಸಾರಿನ ಒಗ್ಗರಣೆಗೆ ಓಡಿದಳು.

ಒಗ್ಗರಣೆ ಮುಗಿಸಿ ಬಾಗಿಲ ಸಂದಿಯಿಂದ ನೋಡಿದರೆ ಮೂರೂ ಎಲೆ ಖಾಲಿ. ಜಟ್ಟು ಅನ್ನದ ತಪ್ಪಲೆಯ ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದ. ಸೊಸೆ ಗಡಿಯಾರ ನೋಡುತ್ತಿದ್ದಳು. ಮಗ, ಎದ್ದು ಹೋಗುವಾ ಎಂದು ಅಪ್ಪನ ಕಿವಿಯಲ್ಲಿ ಹೇಳುತ್ತಿದ್ದ. ಗಣಪಕ್ಕ ಜಟ್ಟುವನ್ನು ಒಳಗೆಳೆದುಕೊಂಡಳು.

"ಯಾರೂ ಕೇಳಲಿಲ್ಲ ಅಬ್ಬೆ," ಎಂದ ಅವನು.

ಅವಳು ಪಿಸುದನಿಯಲ್ಲಿ ಹಲ್ಲು ಕಚ್ಚಿ ಹೇಳಿದಳು. "ಕೇಳೂ ತನಕ ಕಾಯಬೇಡ. ನಿನ್ನ ಕಣ್ಣಿಗೆ ಕಂಡ ಎಲೆ ಒಂದೂ ಖಾಲಿ ಇರಬಾರದು. ಬಡಿಸ್ತಾ ಹೋಗು."

ಜಟ್ಟು ಹೊರಗೆ ಹೋದ. ಮೂರು ಎಲೆಗೂ ಅನ್ನ ಬಿತ್ತು, ಬಳಚಿನ ಸುಕ್ಕ ಬಿತ್ತು, ಒಂದು ಅಗುಳೂ ಆಚೀಚೆ ಚೆಲ್ಲಲಿಲ್ಲ. ಗಣಪಕ್ಕ ಬಾಗಿಲ ಮರೆಯಲ್ಲಿ ನಿಂತು ಕಿಣಿಯವರ ಕೈಯನ್ನೇ ನೋಡಿದಳು. ಅವರು ಬಳಚು ನೋಡಿ ಹುಬ್ಬೇರಿಸಿದರು. ಸೊಸೆ ಮುಖ ಸಿಂಡರಿಸಿದಳು. ಕಿಣಿಯವರು ಒಂದು ಚಿಪ್ಪು ಎತ್ತಿ ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು. ಮತ್ತೆ ಅಗಿದರು. ಎರಡನೆಯದು, ಮೂರನೆಯದು. ಚಿಪ್ಪಿನ ರಾಶಿ ಎಲೆಯ ಬದಿಯಲ್ಲಿ ಏರುತ್ತ ಹೋಯಿತು. ಕೊನೆಗೆ ಅವರು ತಲೆ ಎತ್ತಿದರು.

"ಗಣಪಕ್ಕ, ನಾನು ಶಾಲೆಯಿಂದ ಬಂದ ಕೂಡಲೇ ನಮ್ಮಮ್ಮ ಇದನ್ನು ಬಡಿಸ್ತಿದ್ದಳು. ಇನ್ನೂ ಸ್ವಲ್ಪ ಹಾಕು."

ಮಗ ಸೊಸೆ ಮುಖ ಮುಖ ನೋಡಿಕೊಂಡರು. ಹೆಂಡತಿ ಹೋದಂದಿನಿಂದ ಮುದುಕರು ಯಾವ ಎಲೆಯ ಮುಂದೆಯೂ ಇನ್ನೂ ಬೇಕು ಅಂದವರಲ್ಲ.

ಗಣಪಕ್ಕ ತೇಲಿದಂತೆ ಹೋಗಿ ಬಳಚಿನ ಪಾತ್ರೆಗೆ ಕೈ ಹಾಕಿದಳು. ಪಾತ್ರೆ ಇರಲಿಲ್ಲ. ಅನ್ನದ ತಪ್ಪಲೆಯೂ ಇರಲಿಲ್ಲ. ಜಟ್ಟುವೂ ಇರಲಿಲ್ಲ. ಹಿತ್ತಲಲ್ಲಿ ನೋಡಿದಳು, ಬಾವಿಕಟ್ಟೆಯಲ್ಲಿ ನೋಡಿದಳು. ಈಗ ಬಂದೆ ಒಡೆಯಾ ಎಂದು ಕೂಗಿ, ಮುಂಬಾಗಿಲು ದಾಟಿದವಳು ಅಲ್ಲೇ ನಿಂತುಬಿಟ್ಟಳು.

ದಾರಿಯ ತುಂಬ ಬಾದಾಮಿ ಎಲೆ, ಹೊನ್ನೆ ಎಲೆ, ಮಾವಿನ ಎಲೆ ಉದುರಿ ಬಿದ್ದಿದ್ದವು. ಒಂದೊಂದು ಎಲೆಯ ಮೇಲೂ ಒಂದೊಂದು ತುತ್ತು ಅನ್ನ, ಅನ್ನದ ಮೇಲೆ ಒಂದೊಂದು ಬಳಚು. ಖಾನಾವಳಿಯ ಮೆಟ್ಟಿಲಿನಿಂದ ಶುರುವಾಗಿ ಕಣ್ಣು ಹಾಯುವಷ್ಟು ದೂರ ಪಂಕ್ತಿ ಸಾಗಿತ್ತು. ಕಾಗೆಗಳು ಆಗಲೇ ಊಟಕ್ಕೆ ಕೂತಿದ್ದವು. ಬಸ್ಸಿಳಿದವರು ಎಲ್ಲಿ ಕಾಲಿಡಬೇಕೆಂದು ತಿಳಿಯದೆ ಒಂಟಿಕಾಲಲ್ಲಿ ನಿಂತಿದ್ದರು.

ಕಿಣಿಯವರು ಎಂಜಲು ಕೈಯಲ್ಲೇ ಹೊರಗೆ ಬಂದರು. ಗಣಪಕ್ಕ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಅವರು ದಾರಿಯುದ್ದಕ್ಕೂ ಕಣ್ಣು ಹಾಯಿಸಿದರು. ಆಮೇಲೆ ಕೋಲು ಗೋಡೆಗೆ ಒರಗಿಸಿ, ನಿಧಾನ ಬಗ್ಗಿ, ಕಾಗೆ ಮುಟ್ಟದ ಒಂದು ಅಗಲ ಬಾದಾಮಿ ಎಲೆ ಎತ್ತಿಕೊಂಡು, ಅದರ ಮೇಲಿದ್ದದ್ದನ್ನು ಬಾಯಿಗೆ ಹಾಕಿಕೊಂಡರು.

"ಒಲೆ ಇಲ್ಲೇ ಇರಲಿ," ಎಂದರು. "ನಾನು ಬದುಕಿರುವ ತನಕ ಯಾರೂ ನಿನ್ನನ್ನು ಏಳಿಸೂದಿಲ್ಲ."

ಗಣಪಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೂತು ಮಗನನ್ನು ಕೂಗಿ ಕರೆದಳು. ಜಟ್ಟು ದಾರಿಯ ಆ ತುದಿಯಲ್ಲಿದ್ದ. ಖಾಲಿ ತಪ್ಪಲೆಯನ್ನು ಕಂಕುಳಲ್ಲಿ ಅವುಚಿಕೊಂಡು, ಸೌಟು ಹಿಡಿದು, ಕತ್ತು ಮೇಲೆತ್ತಿ ಮರವನ್ನೇ ನೋಡುತ್ತ ಕಂಗಾಲಾಗಿ ನಿಂತಿದ್ದ. ಗಾಳಿ ಬೀಸಿ ಇನ್ನಷ್ಟು ಎಲೆ ಉದುರಿದವು.

"ಬೇಗ ಅನ್ನಕ್ಕಿಡು ಅಬ್ಬೆ," ಎಂದು ಅಲ್ಲಿಂದಲೇ ಕೂಗಿದ. "ಮರ ಇನ್ನೂ ಎಲೆ ಹಾಕ್ತಾನೇ ಉಂಟು."